ಗಿಡ್ಡ ನಳಿಗೆಯ ಹಳೇ ರಿವಾಲ್ವರ್: ಐದೇ ಗುಂಡಿಗೆ ಕೈ ಸುಲಿದುಹೋಯಿತು, ಹಿಡಿ ಬದಲಿಸಲೇ?

ಒಹಾಯೋ ಹಾಸನಿಗ

ಎಲ್ಲರಿಗೂ ನಮಸ್ಕಾರ. ನಾನು ಅಮೆರಿಕದ ಒಹಾಯೋ ರಾಜ್ಯದಲ್ಲಿದ್ದೇನೆ. ಊರು ಹಾಸನದ ಕಡೆ. ಮೂರು ವರ್ಷದಿಂದ ಇಲ್ಲಿನ ರೇಂಜಿನಲ್ಲಿ ಗುರಿ ಅಭ್ಯಾಸ ಮಾಡುತ್ತಿದ್ದೇನೆ. ಹೋದ ತಿಂಗಳು ಒಂದು ಹಳೇ ರಿವಾಲ್ವರ್ ಕೊಂಡೆ. ಬ್ರಿಟಿಷ್ ಬುಲ್‌ಡಾಗ್ ಮಾದರಿ, ಬೆಲ್ಜಿಯಂನಲ್ಲಿ ಮಾಡಿದ್ದು. .450 ತೋಟಾ (ಗುಂಡಿನ ಅಗಲ ಸುಮಾರು 0.45 ಇಂಚು), ಐದು ಗುಂಡಿನ ಸಿಲಿಂಡರ್, ಎರಡೂವರೆ ಇಂಚಿನ ನಳಿಗೆ. ಅಡುಗೆಮನೆಯ ತಕ್ಕಡಿಯಲ್ಲಿ 510 ಗ್ರಾಂ ತೂಗಿತು. ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು. ನೋಡಿದ ಕೂಡಲೇ ಇಷ್ಟವಾಗಿಬಿಟ್ಟಿತು.

ಶನಿವಾರ ಮೊದಲ ಸಲ ಹೊಡೆದೆ. ಐದೇ ಐದು ಗುಂಡು. ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಸಂದಿನಲ್ಲಿ ಚರ್ಮ ಸುಲಿದುಹೋಯಿತು. ಟ್ರಿಗರ್ ಗಾರ್ಡಿನ (ಟ್ರಿಗರ್ ಸುತ್ತ ಇರುವ ಲೋಹದ ಕಮಾನು) ಹಿಂಬದಿ ನಡುಬೆರಳಿನ ಗೆಣ್ಣಿಗೆ ಬಡಿದು ಊದಿಕೊಂಡಿದೆ. ಹಿಡಿಯ ತಳದಲ್ಲಿ ದಾರ ಕಟ್ಟುವ ಒಂದು ಬಳೆ ಇದೆ, ಅದು ಕಿರುಬೆರಳಿಗೆ ಹೊಡೆಯಿತು. ನಾನು ಇದಕ್ಕಿಂತ ಬಲವಾದ .357 ಮ್ಯಾಗ್ನಮ್ ರಿವಾಲ್ವರ್ ಹೊಡೆದವನು. ಅದು ಇಷ್ಟು ನೋವು ಕೊಟ್ಟಿರಲಿಲ್ಲ.

ಈಗ ಎರಡು ಯೋಚನೆ ಇದೆ. ಒಂದು, ಹಿಡಿಯ ಮರವನ್ನು ಅರದಿಂದ ತಿಕ್ಕಿ ಕೈಗೆ ಹೊಂದುವ ಹಾಗೆ ಮಾಡುವುದು. ಇನ್ನೊಂದು, ದಪ್ಪ ರಬ್ಬರ್ ಹಿಡಿ ಮಾಡಿಸಿ ಕೂರಿಸುವುದು. ಅನುಭವ ಇದ್ದವರು ದಯವಿಟ್ಟು ಹೇಳಿ.

ಗುರಿಕಾರ 45

ತಿಕ್ಕಿಬಿಡಿ. ನಿಮ್ಮ ದುಡ್ಡು, ನಿಮ್ಮ ಗನ್ನು. ಬೆಲ್ಜಿಯಂ ನಕಲುಗಳಿಗೆ ಅಂಥ ಬೆಲೆ ಇಲ್ಲ. ಅವು ಸಾವಿರಾರು ಇವೆ. ಕೈ ನೋಯಿಸುವ ಗನ್ ಇಟ್ಟುಕೊಂಡು ಏನು ಪ್ರಯೋಜನ?

ಹಳೇ ಕಬ್ಬಿಣ

ಹಾಸನದವರೇ, ಅರ ಕೆಳಗಿಡಿ. ಮೊದಲು ನನ್ನ ಒಂದು ಪ್ರಶ್ನೆಗೆ ಉತ್ತರ ಕೊಡಿ. ನೀವು ಹೊಡೆದ ತೋಟಾ ಯಾವುದು? ಹೊಡೆದಾಗ ಹೊಗೆ ಎಷ್ಟು ಬಂತು?

ಒಹಾಯೋ ಹಾಸನಿಗ

ಅಂಗಡಿಯವರು ಗನ್ನಿನ ಜೊತೆಗೇ ಒಂದು ಅರ್ಧ ಡಬ್ಬಿ ತೋಟಾ ಕೊಟ್ಟರು. "ಇದು ಇದಕ್ಕೆ ಸರಿಹೋಗುತ್ತೆ" ಅಂದರು. ಹೊಗೆ ಅಂಥದ್ದೇನೂ ಬರಲಿಲ್ಲ ಸರ್. ಮಾಮೂಲಿ ಗನ್ನಿನ ಹಾಗೇ ಇತ್ತು.

ಹಳೇ ಕಬ್ಬಿಣ

ಹಾಗಾದರೆ ಇನ್ನು ಒಂದು ಗುಂಡೂ ಹೊಡೆಯಬೇಡಿ. ಉಳಿದ ತೋಟಾ ಬೇರೆ ಇಡಿ. ಗನ್ನನ್ನು ಹಳೇ ಆಯುಧ ಗೊತ್ತಿರುವ ಗನ್‌ಸ್ಮಿತ್ (ಗನ್ ರಿಪೇರಿಯವರು) ಹತ್ತಿರ ತೆಗೆದುಕೊಂಡು ಹೋಗಿ. ಕೈ ನೋವಿನ ಮಾತು ಆಮೇಲೆ.

ಯಾಕೆ ಅಂತ ಹೇಳುತ್ತೇನೆ. ಈ ಗನ್ನು ಹುಟ್ಟಿದ್ದು ಕರಿಮದ್ದಿನ ಕಾಲದಲ್ಲಿ. ಕರಿಮದ್ದು ಅಂದರೆ ಹೊಡೆದಾಗ ದಟ್ಟ ಹೊಗೆ ಬರುವ ಹಳೇ ಮದ್ದು. ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿ ಬುಲ್‌ಡಾಗ್ ತಂದದ್ದು 1872ರಲ್ಲಿ. ಕೋಟಿನ ಜೇಬಿನಲ್ಲಿ ಹಿಡಿಸುವ ದೊಡ್ಡ ಗುಂಡಿನ ಗನ್ನು ಅಂದರೆ ಜನ ಮುಗಿಬಿದ್ದರು. ಬೆಲ್ಜಿಯಂನ ಲಿಯೇಜ್ ಊರಿನ ಕಾರ್ಖಾನೆಗಳು ರಾಶಿ ರಾಶಿ ನಕಲು ಮಾಡಿದವು. ಅಮೆರಿಕದಲ್ಲೂ ಮಾಡಿದರು. ಅವಕ್ಕೆ ಬಳಸಿದ ಕಬ್ಬಿಣ, ಉಕ್ಕು ಇಂದಿನದರ ಹಾಗಲ್ಲ. ಮೆತ್ತಗಿನದು. ಕರಿಮದ್ದಿನ ಒತ್ತಡಕ್ಕೆ ಲೆಕ್ಕ ಹಾಕಿ ಮಾಡಿದ್ದು. ಹೊಗೆ ಬಾರದ ಈಗಿನ ಮದ್ದು ಸ್ವಲ್ಪವೇ ಹಾಕಿದರೂ ಒತ್ತಡ ಬೇರೆ ರೀತಿಯಲ್ಲಿ ಏರುತ್ತದೆ. ಗುಂಡು ನಿಧಾನವಾಗಿ ಹೋಯಿತು ಅಂದರೆ ಒತ್ತಡ ಕಡಿಮೆ ಇತ್ತು ಅಂತ ಅರ್ಥ ಅಲ್ಲ. ಹತ್ತು ಸಲ ಏನೂ ಆಗದೆ ಹನ್ನೊಂದನೇ ಸಲ ಸಿಲಿಂಡರ್ ಬಿರಿಯಬಹುದು. ನಿಮ್ಮ ಬೆರಳು ಅದರಿಂದ ಒಂದು ಇಂಚು ದೂರದಲ್ಲಿರುತ್ತದೆ.

ಇನ್ನೊಂದು ಕೆಲಸ. ಸಿಲಿಂಡರಿನ ಮೇಲೆ ಮೊಟ್ಟೆ ಆಕಾರದ ಒಂದು ಮುದ್ರೆ ಇರುತ್ತದೆ. ಒಳಗೆ ಇ, ಎಲ್, ಜಿ ಅಕ್ಷರ. ಅದು ಲಿಯೇಜಿನ ಪರೀಕ್ಷಾ ಮುದ್ರೆ. ಅದರ ಮೇಲೆ ಕಿರೀಟ ಇದೆಯಾ ನೋಡಿ ಹೇಳಿ.

ಒಹಾಯೋ ಹಾಸನಿಗ

ಭೂತಗನ್ನಡಿ ಹಿಡಿದು ನೋಡಿದೆ. ಮೊಟ್ಟೆ ಇದೆ, ಅಕ್ಷರ ಇದೆ. ಕಿರೀಟ ಇಲ್ಲ. ಸೋಮವಾರ ಗನ್‌ಸ್ಮಿತ್ ಹತ್ತಿರ ಹೋಗುತ್ತೇನೆ. ನಿಜಕ್ಕೂ ಕೈ ನಡುಗುತ್ತಿದೆ ಸರ್. ನೀವು ಕೇಳದಿದ್ದರೆ ನಾಳೆ ಮತ್ತೆ ಹೊಡೆಯುತ್ತಿದ್ದೆ.

ಹಳೇ ಕಬ್ಬಿಣ

ಕಿರೀಟ ಸೇರಿದ್ದು 1893ರಿಂದ. ಹಾಗಾಗಿ ನಿಮ್ಮದು ಅದಕ್ಕೂ ಮೊದಲಿನದು. ಅಮೆರಿಕದ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೆ ಮೊದಲು ತಯಾರಾದದ್ದು ಆ್ಯಂಟಿಕ್, ಅಂದರೆ ಪುರಾತನ ವಸ್ತು. ಆ ಲೆಕ್ಕದಲ್ಲೂ ನಿಮ್ಮದು ಸರಿಯಾಗಿಯೇ ಇದೆ. ಆದರೆ ಕರಿಮದ್ದು ಬಿಟ್ಟು ಬೇರೆ ಏನೂ ಇದಕ್ಕೆ ತೋರಿಸಬಾರದು ಅನ್ನುವುದಕ್ಕೂ ಅದೇ ಸಾಕ್ಷಿ.

ಗುರಿಕಾರರೇ, ಬೆಲೆ ಇಲ್ಲ ಅಂದಿರಿ. ಮಾರುಕಟ್ಟೆಯಲ್ಲಿ ಕಡಿಮೆ ಇರಬಹುದು. ಆದರೆ 130 ವರ್ಷ ಯಾರೂ ಮುಟ್ಟದೆ ಉಳಿದ ಮರವನ್ನು ನಾವು ಒಂದು ಶನಿವಾರದ ನೋವಿಗೆ ತಿಕ್ಕಿ ತೆಗೆಯುವುದು ನನಗೆ ಒಪ್ಪಿಗೆ ಇಲ್ಲ. ತೆಗೆದದ್ದನ್ನು ಮತ್ತೆ ಕೂರಿಸಲು ಆಗಲ್ಲ ಅಲ್ವಾ?

ಗುರಿಕಾರ 45

ಮದ್ದಿನ ವಿಷಯ ನನ್ನ ಗಮನಕ್ಕೆ ಬರಲಿಲ್ಲ. ಅದು ನೀವು ಹೇಳಿದ್ದೇ ಸರಿ. ಹಿಡಿಯ ವಿಷಯದಲ್ಲಿ ನನ್ನ ಮಾತು ಇನ್ನೂ ಅದೇ. ಆದರೆ ಬೇರೆಯವರು ಏನು ಹೇಳುತ್ತಾರೆ ನೋಡೋಣ.

ಧಾರವಾಡ ಮೇಷ್ಟ್ರು

ನಾನು ಗನ್ ಹಿಡಿದವನಲ್ಲ. ಫಿಸಿಕ್ಸ್ ಹೇಳಿಕೊಟ್ಟವನು. .357ಗಿಂತ ಇದು ಜಾಸ್ತಿ ನೋಯಿಸಿತು ಅಂತ ಬರೆದಿದ್ದೀರಿ. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ. ಪೆನ್ನು ಹಿಡಿದು ಕೂತೆ.

ಹಳೇ .450 ತೋಟಾದಲ್ಲಿ 225 ಗ್ರೇನ್ ಗುಂಡು, 13 ಗ್ರೇನ್ ಕರಿಮದ್ದು ಇರುತ್ತಿತ್ತು. ಅಂದರೆ 14.6 ಗ್ರಾಂ ಸೀಸ, 0.84 ಗ್ರಾಂ ಮದ್ದು. ಎರಡೂವರೆ ಇಂಚಿನ ನಳಿಗೆಯಲ್ಲಿ ಗುಂಡಿನ ವೇಗ ಸೆಕೆಂಡಿಗೆ 180 ಮೀಟರ್ ಅಂತ ಇಟ್ಟುಕೊಳ್ಳೋಣ. ಮದ್ದಿನ ಹೊಗೆಯೂ ಮುಂದೆ ಹಾರುತ್ತದೆ, ಅದಕ್ಕೆ 600 ಮೀಟರ್ ಹಿಡಿಯೋಣ. ಮುಂದೆ ಹೋದದ್ದಕ್ಕೆ ಸಮನಾಗಿ ಗನ್ನು ಹಿಂದೆ ಬರಲೇಬೇಕು. ಲೆಕ್ಕ ಮಾಡಿದರೆ 510 ಗ್ರಾಂ ಗನ್ನು ಸೆಕೆಂಡಿಗೆ ಸುಮಾರು 6.1 ಮೀಟರ್ ವೇಗದಲ್ಲಿ ಕೈಗೆ ಬರುತ್ತದೆ. ಶಕ್ತಿ ಸುಮಾರು 9.6 ಜೂಲ್.

ಈಗ ಅಮೆರಿಕದ ಕೋಲ್ಟ್ ಕಂಪನಿಯ ದೊಡ್ಡ .45 ರಿವಾಲ್ವರ್ ತೆಗೆದುಕೊಳ್ಳಿ. 250 ಗ್ರೇನ್ ಗುಂಡು, 35 ಗ್ರೇನ್ ಮದ್ದು, ಗುಂಡಿನ ವೇಗ 260 ಮೀಟರ್, ಗನ್ನಿನ ತೂಕ ಒಂದು ಕೇಜಿಗಿಂತ ಸ್ವಲ್ಪ ಜಾಸ್ತಿ. ಅದರ ಒದೆತದ ಶಕ್ತಿ ಸುಮಾರು 15 ಜೂಲ್. ನಿಮ್ಮದರ ಒಂದೂವರೆ ಪಟ್ಟು. ಆದರೆ ಅದು ಹಿಂದೆ ಬರುವ ವೇಗ ಬರೀ 5.3 ಮೀಟರ್. ಅಂದರೆ ದೊಡ್ಡ ಗನ್ನು ಬಲವಾಗಿ ತಳ್ಳುತ್ತದೆ. ನಿಮ್ಮದು ಕಡಿಮೆ ಬಲದಲ್ಲಿ ಬೇಗ ಬಂದು ಬಡಿಯುತ್ತದೆ. ಆ ಬಡಿತ ಎಷ್ಟು ಅಗಲದ ಜಾಗಕ್ಕೆ ಬೀಳುತ್ತದೆ ಅನ್ನುವುದೇ ಮುಖ್ಯ. ದಪ್ಪ ಹಿಡಿ ಇಡೀ ಅಂಗೈಗೆ ಹಂಚುತ್ತದೆ. ತೆಳ್ಳನೆಯ ಹಿಡಿ ಒಂದು ಗೆರೆಯ ಮೇಲೆ ಬೀಳುತ್ತದೆ. ಮಣೆಯಿಂದ ತಳ್ಳಿಸಿಕೊಳ್ಳುವುದಕ್ಕೂ ಅಡಿಕೋಲಿನ ಅಂಚಿನಿಂದ ಪೆಟ್ಟು ತಿನ್ನುವುದಕ್ಕೂ ಇರುವ ವ್ಯತ್ಯಾಸ ಅದು.

ಇನ್ನೊಂದಿದೆ. ನಳಿಗೆ ಇರುವುದು ಕೈಗಿಂತ ಮೇಲೆ. ಹಾಗಾಗಿ ಗನ್ನು ಹಿಂದೆ ಬರುವುದಷ್ಟೇ ಅಲ್ಲ, ಮೇಲಕ್ಕೂ ತಿರುಗುತ್ತದೆ. ಉದ್ದ ನಳಿಗೆ ಇದ್ದರೆ ಮುಂದಿನ ತೂಕ ಆ ತಿರುಗುವಿಕೆಯನ್ನು ತಡೆಯುತ್ತದೆ. ಎರಡೂವರೆ ಇಂಚಿಗೆ ಮುಂದೆ ತೂಕವೇ ಇಲ್ಲ. ಗನ್ನು ಕೈಯೊಳಗೇ ಗರಕ್ಕನೆ ತಿರುಗುತ್ತದೆ. ಚರ್ಮ ಸುಲಿದದ್ದು ಅದಕ್ಕೇ ಇರಬೇಕು.

ಹಳೇ ಕಬ್ಬಿಣ

ಮೇಷ್ಟ್ರೇ, ನಲವತ್ತು ವರ್ಷದಿಂದ ಕೈಗೆ ಗೊತ್ತಿದ್ದದ್ದು ಇವತ್ತು ಲೆಕ್ಕದಲ್ಲಿ ಕಂಡಿತು. ತುಂಬಾ ಸಂತೋಷ. ಒಂದು ಕೇಳಬೇಕು. ಕರಿಮದ್ದು ತಳ್ಳುತ್ತೆ, ಹೊಸ ಮದ್ದು ಬಡಿಯುತ್ತೆ ಅಂತ ನಾವೆಲ್ಲ ಹೇಳುತ್ತೇವೆ. ಅದು ನಿಜವಾ?

ಧಾರವಾಡ ಮೇಷ್ಟ್ರು

ಇಷ್ಟು ಗಿಡ್ಡ ನಳಿಗೆಯಲ್ಲಿ ಗುಂಡು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಆಚೆ ಹೋಗಿರುತ್ತದೆ. ಅಷ್ಟರೊಳಗೆ ಮದ್ದು ಹೇಗೆ ಉರಿಯಿತು ಅನ್ನುವುದನ್ನು ಅಂಗೈ ಬೇರೆ ಮಾಡಿ ತಿಳಿಯುವುದು ಕಷ್ಟ. ಕೈಗೆ ತಿಳಿಯುವುದು ಗನ್ನು ಎಷ್ಟು ವೇಗದಲ್ಲಿ ಬಂತು ಅನ್ನುವುದು. ಸದ್ದಿನ ವ್ಯತ್ಯಾಸವೂ ಸೇರಿ ಹಾಗೆ ಅನ್ನಿಸುತ್ತಿರಬಹುದು. ಆದ್ದರಿಂದ ಹಾಸನದವರೇ, ನೋವು ಕಡಿಮೆ ಆದರೆ ಮದ್ದು ಸರಿ ಇದೆ ಅಂತ ದಯವಿಟ್ಟು ತಿಳಿಯಬೇಡಿ. ಆ ಎರಡಕ್ಕೂ ಸಂಬಂಧ ಇಲ್ಲ.

ಥೇಮ್ಸ್ ದಂಡೆ

ಇಂಗ್ಲೆಂಡಿನಿಂದ ಬರೆಯುತ್ತಿದ್ದೇನೆ. ಇಲ್ಲಿ 1997ರ ಕಾನೂನಿನ ನಂತರ ಕೈಬಂದೂಕು ಹೊಡೆಯುವುದು ಹೆಚ್ಚುಕಡಿಮೆ ನಿಂತೇ ಹೋಗಿದೆ. ಚರಿತ್ರೆಯ ದೃಷ್ಟಿಯಿಂದ ಬೆಲೆಯುಳ್ಳ ಕೆಲವನ್ನು ಮಾತ್ರ ಗೊತ್ತುಪಡಿಸಿದ ಜಾಗದಲ್ಲಿ ಇಟ್ಟು ಅಲ್ಲೇ ಹೊಡೆಯಬಹುದು. ಸರ್ರೆ ಜಿಲ್ಲೆಯ ಬಿಸ್ಲಿ ಅಂಥ ಒಂದು ಜಾಗ. ಅಲ್ಲಿ ಹಿರಿಯರೊಬ್ಬರು ನನಗೆ ಹಳೇ ವೆಬ್ಲಿ ಹಿಡಿಯುವುದನ್ನು ಹೇಳಿಕೊಟ್ಟರು. ಅದು ನಿಮಗೂ ಉಪಯೋಗಕ್ಕೆ ಬರುತ್ತದೆ.

ನೀವು ಎರಡು ಕೈಯಲ್ಲಿ ಹಿಡಿದಿರಿ ಅಂತ ಅಂದಾಜು. ಈಗ ಎಲ್ಲರೂ ಹಾಗೇ ಕಲಿಯುವುದು. ಎರಡು ತೋಳೂ ಮುಂದೆ ಚಾಚಿ, ಮೊಣಕೈ ಬಿಗಿದು, ಗಟ್ಟಿಯಾಗಿ ಹಿಡಿಯುವುದು. ಆದರೆ ಈ ಗನ್ನು ಮಾಡಿದ ಕಾಲದಲ್ಲಿ ರಿವಾಲ್ವರ್ ಅಂದರೆ ಒಂದೇ ಕೈ. ಹಿಡಿಯನ್ನು ಒಂದು ಕೈಗೆ ಅಂತಲೇ ಕೆತ್ತಿದ್ದು. ಅದರ ಮೇಲೆ ಎರಡನೇ ಕೈಗೆ ಜಾಗವೇ ಇಲ್ಲ. ಎಡಗೈ ತಂದು ಒತ್ತಿದಾಗ ಬಲಗೈ ಮೇಲಕ್ಕೆ ಸರಿಯುತ್ತದೆ, ಹೆಬ್ಬೆರಳಿನ ಸಂದು ನೇರವಾಗಿ ಲೋಹದ ಅಂಚಿಗೆ ಸಿಗುತ್ತದೆ.

ಒಂದೇ ಕೈಯಲ್ಲಿ ಹಿಡಿದು ನೋಡಿ. ಪಕ್ಕಕ್ಕೆ ತಿರುಗಿ ನಿಲ್ಲಿ. ಮೊಣಕೈ ಸ್ವಲ್ಪ ಮಡಚಿರಲಿ. ಕಿರುಬೆರಳನ್ನು ಹಿಡಿಯ ಮೇಲೆ ತುರುಕಬೇಡಿ, ತಳದ ಕೆಳಗೆ ಮಡಚಿ ಇಡಿ. ಆಗ ಆ ಬಳೆಯೂ ಬೆರಳಿಗೆ ಬಡಿಯಲ್ಲ. ಬಳೆಯನ್ನು ಹಿಂದಕ್ಕೆ ಒರಗಿಸಿ ಒಂದು ಸಣ್ಣ ನೂಲು ಸುತ್ತಿದರೆ ಅಲುಗುವುದಿಲ್ಲ. ಗುಂಡು ಹೋದಾಗ ಗನ್ನು ಮೇಲೇಳಲಿ, ತಡೆಯಬೇಡಿ. ಮೊಣಕೈ ಮಡಚಿಕೊಂಡು ಹೋಗುತ್ತದೆ. ಬಾಗಿಲನ್ನು ಎದೆಯಿಂದ ತಡೆಯುವ ಬದಲು ಅದರ ಜೊತೆಗೇ ಒಂದು ಹೆಜ್ಜೆ ಹಿಂದೆ ಹೋದ ಹಾಗೆ.

ಗನ್ನಿನ ಹಿಂದಿರುವ ಸುತ್ತಿಗೆಯನ್ನು (ತೋಟಾ ಸಿಡಿಸಲು ಬಡಿಯುವ ಭಾಗ) ಹೆಬ್ಬೆರಳಿನಿಂದ ಎಳೆದು, ಆಮೇಲೆ ಟ್ರಿಗರ್ ಒತ್ತಿ. ಸೀದಾ ಟ್ರಿಗರ್ ಎಳೆದರೆ ಆ ಬಿಗುವಿಗೆ ಚಿಕ್ಕ ಹಿಡಿ ಕೈಯಲ್ಲೇ ತಿರುಚಿಕೊಳ್ಳುತ್ತದೆ. ಗುಂಡು ಹೋಗುವ ಮೊದಲೇ ಹಿಡಿತ ತಪ್ಪಿರುತ್ತದೆ.

ಹಳೇ ಕಬ್ಬಿಣ

ತುಂಬಾ ಚೆನ್ನಾಗಿ ಹೇಳಿದಿರಿ. ಅದಕ್ಕೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ಎರಡನೇ ಕೈ ಬಳಸಲೇಬೇಕು ಅಂತಿದ್ದರೆ ಬೆರಳು ಸಿಲಿಂಡರಿನಿಂದ ಮುಂದೆ ಹೋಗಲೇಬಾರದು. ಸಿಲಿಂಡರ್ ಮತ್ತು ನಳಿಗೆಯ ನಡುವೆ ಸಂದು ಇರುತ್ತದೆ. ಅಲ್ಲಿಂದ ಬೆಂಕಿ, ಸೀಸದ ಚೂರು ಪಕ್ಕಕ್ಕೆ ಚಿಮ್ಮುತ್ತವೆ. ಹಳೇ ಗನ್ನಲ್ಲಿ ಆ ಸಂದು ದೊಡ್ಡದು. ನಳಿಗೆ ಗಿಡ್ಡ ಇರುವುದರಿಂದ ಬೆರಳು ಗೊತ್ತಿಲ್ಲದೆ ಬಾಯಿಯ ಮುಂದಕ್ಕೇ ಹೋಗಿಬಿಡಬಹುದು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ.

ಇನ್ನು ಹಿಡಿಯ ಆಕಾರದ ಮಾತು. ಇದು ನನಗೆ ಬಹಳ ಪ್ರೀತಿಯ ವಿಷಯ, ಸ್ವಲ್ಪ ಉದ್ದ ಬರೆಯುತ್ತೇನೆ.

ಕೋಲ್ಟಿನ 1873ರ ಸಿಂಗಲ್ ಆ್ಯಕ್ಷನ್ (ಪ್ರತಿ ಸಲ ಸುತ್ತಿಗೆ ಎಳೆದೇ ಹೊಡೆಯಬೇಕಾದದ್ದು) ಇದೆಯಲ್ಲ, ಅದರ ಹಿಡಿ ಬಂದದ್ದು 1851ರ ನೇವಿ ಮಾದರಿಯಿಂದ. ನೇಗಿಲ ಮೇಣಿಯ ಹಾಗೆ ಬಾಗಿದೆ. ಗುಂಡು ಹೋದಾಗ ಅಂಗೈಯಲ್ಲಿ ಜಾರಿ ಮೇಲಕ್ಕೆ ಉರುಳುತ್ತದೆ. ಹಿಂದೆ ಬರಬೇಕಾದ ಪೆಟ್ಟಿನ ಒಂದಷ್ಟು ಹಾಗೆ ಉರುಳುವುದರಲ್ಲೇ ಕಳೆದುಹೋಗುತ್ತದೆ. ಅದರಲ್ಲಿ ಮೂರು, ನಾಲ್ಕು ಇಂಚಿನ ಗಿಡ್ಡ ನಳಿಗೆಯದನ್ನು ಶೆರಿಫ್ ಮಾದರಿ ಅನ್ನುತ್ತಾರೆ. ಅದು .45 ಆದರೂ ಹಿಡಿ ದೊಡ್ಡದರದ್ದೇ ಇರುವುದರಿಂದ ಕೈಗೆ ಅಷ್ಟು ಕಷ್ಟ ಇಲ್ಲ.

ಅಮೆರಿಕದ ಇನ್ನೊಂದು ಕಂಪನಿ ಸ್ಮಿತ್ ಆ್ಯಂಡ್ ವೆಸ್ಸನ್ ಬೇರೆ ದಾರಿ ಹಿಡಿಯಿತು. 1870ರ ದಶಕದಲ್ಲಿ ರಷ್ಯಾದ ಸೈನ್ಯಕ್ಕೆ ಮಾಡಿಕೊಟ್ಟ ರಿವಾಲ್ವರಿನಲ್ಲಿ ಹಿಡಿಯ ಮೇಲ್ಭಾಗಕ್ಕೆ ಒಂದು ಗೂನು ಇಟ್ಟರು. ಕೈ ಮೇಲಕ್ಕೆ ಜಾರಬಾರದು ಅಂತ. ಜಾರುವುದು ನಿಂತಿತು, ಆದರೆ ಆ ಗೂನು ಹೆಬ್ಬೆರಳಿನ ಸಂದಿಗೆ ಕಚ್ಚುತ್ತದೆ ಅಂತ ಬಹಳ ಜನಕ್ಕೆ ಇಷ್ಟ ಆಗಲಿಲ್ಲ. ಮುಂದೆ 1878ರ ಹೊಸ ಮಾದರಿಯಲ್ಲಿ ಅದನ್ನು ಸಣ್ಣದು ಮಾಡಿದರು.

ನನ್ನ ಹತ್ತಿರ ಇರುವುದು ಕೋಲ್ಟ್ 1877, .41ರದ್ದು. ಥಂಡರರ್ ಅಂತ ಹೆಸರು. ಹಿಡಿ ಹಕ್ಕಿಯ ತಲೆಯ ಹಾಗೆ, ಕೆಳಗೆ ಕೊಕ್ಕು ಬಂದು ಮುಗಿಯುತ್ತದೆ. ಸುಮಾರು 200 ಗ್ರೇನ್ ಗುಂಡು. ಕೊಕ್ಕು ಕಿರುಬೆರಳನ್ನು ಹಿಡಿದು ನಿಲ್ಲಿಸುತ್ತದೆ, ಹಿಂಬದಿ ಜಾರುತ್ತದೆ. ಕೈಗೆ ಹಿತವಾದ ಹಿಡಿ. ಆದರೆ ಒಳಗಿನ ಸ್ಪ್ರಿಂಗುಗಳು ಬಹಳ ಸೂಕ್ಷ್ಮ, ಬೇಗ ಮುರಿಯುತ್ತವೆ. ಅದಕ್ಕೇ ವರ್ಷಕ್ಕೆ ಒಂದೆರಡು ಸಲ ಮಾತ್ರ ಹೊಡೆಯುತ್ತೇನೆ.

ಬುಲ್‌ಡಾಗ್ ಹಿಡಿಯೂ ಕೊಕ್ಕಿನ ಜಾತಿಯದೇ. ಆದರೆ ಬಹಳ ಚಿಕ್ಕದು, ತೆಳ್ಳಗಿನದು. ಜೇಬಿಗೆ ಸಿಕ್ಕಿಹಾಕಿಕೊಳ್ಳಬಾರದು ಅಂತ ಎಲ್ಲವನ್ನೂ ಕಡಿಮೆ ಮಾಡಿದ್ದಾರೆ. 1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ಮೇಲೆ ಗುಂಡು ಹಾರಿಸಿದ್ದು ಇಂಥದೇ ಒಂದು ಬುಲ್‌ಡಾಗಿನಿಂದ. ಹತ್ತಿರದಿಂದ ಒಂದೆರಡು ಗುಂಡಿಗೆ ಮಾಡಿದ ಸಾಮಾನು ಅದು. ಮಧ್ಯಾಹ್ನ ಪೂರ್ತಿ ರೇಂಜಿನಲ್ಲಿ ನಿಂತು ಐವತ್ತು ಗುಂಡು ಹೊಡೆಯಲಿ ಅಂತ ಯಾರೂ ಯೋಚಿಸಿರಲಿಲ್ಲ. ಆ ಐವತ್ತನ್ನು ನಾವು ಅದರಿಂದ ಕೇಳಬಾರದು. ಐದು ಹೊಡೆಯಿರಿ, ಒರೆಸಿ ಇಡಿ.

ಗುರಿಕಾರ 45

ಸರಿ. ಮೂಲ ಮರ ಮುಟ್ಟಬೇಡಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಗೆಣ್ಣಿನ ಪೆಟ್ಟಿಗೆ ಏನು ಮಾಡುವುದು? ಒಂದೇ ಕೈಯಲ್ಲಿ ಹಿಡಿದರೂ ಟ್ರಿಗರ್ ಗಾರ್ಡ್ ಬಡಿದೇ ಬಡಿಯುತ್ತದೆ.

ಹಳೇ ಕಬ್ಬಿಣ

ಅದಕ್ಕೆ ಕಾರಣ ಗಾರ್ಡಿನ ಹಿಂದಿನ ಖಾಲಿ ಜಾಗ. ಹಿಡಿಗೂ ಗಾರ್ಡಿಗೂ ನಡುವೆ ಬಾಗಿದ ಒಂದು ತೆರಪು ಇರುತ್ತದೆ. ನಡುಬೆರಳು ಅದರೊಳಗೆ ಹೋಗಿ ಕೂರುತ್ತದೆ. ಗನ್ನು ಹಿಂದೆ ಬಂದಾಗ ಗಾರ್ಡು ಗೆಣ್ಣಿಗೆ ಹೊಡೆಯುತ್ತದೆ. ಆ ಜಾಗ ತುಂಬಿದರೆ ಅರ್ಧ ನೋವು ಹೋಯಿತು. ಮೆತ್ತನೆಯ ಚರ್ಮದ ತುಂಡನ್ನು ಎರಡು ಮೂರು ಪದರ ಮಡಚಿ ಆ ತೆರಪಿನಲ್ಲಿ ಇಡಿ. ಮೇಲೆ ಹಳೇ ಸೈಕಲ್ ಟ್ಯೂಬಿನ ಎರಡು ಇಂಚಿನ ತುಂಡನ್ನು ಹಿಡಿಯ ಮೇಲೆ ಕಾಲುಚೀಲದ ಹಾಗೆ ಏರಿಸಿ. ಅಂಟು ಬೇಡ, ಮೊಳೆ ಬೇಡ. ಹಿಡಿ ಸ್ವಲ್ಪ ದಪ್ಪ ಆಗುತ್ತದೆ, ಜಾರುವುದೂ ನಿಲ್ಲುತ್ತದೆ. ಮನೆಗೆ ಬಂದ ಮೇಲೆ ಮರೆಯದೆ ತೆಗೆಯಿರಿ. ರಬ್ಬರಿನ ಕೆಳಗೆ ಪಸೆ ನಿಂತರೆ ತುಕ್ಕು ಹಿಡಿಯುತ್ತದೆ.

ಜೊತೆಗೆ ತೆಳ್ಳನೆಯ ಚರ್ಮದ ಗ್ಲೌಸ್. ದಪ್ಪದ್ದು ಬೇಡ, ಟ್ರಿಗರ್ ಗಾರ್ಡಿನೊಳಗೆ ಬೆರಳು ಸಿಕ್ಕಿಹಾಕಿಕೊಳ್ಳುತ್ತದೆ.

ಶಿವಮೊಗ್ಗ ಮೂಳೆ ಡಾಕ್ಟ್ರು

ತಡವಾಗಿ ನೋಡಿದೆ. ಹಾಸನದವರೇ, ಹೆಬ್ಬೆರಳಿನ ತುದಿಯಲ್ಲಿ ಅಥವಾ ಪಕ್ಕದಲ್ಲಿ ಜೋಮು ಇದೆಯಾ? ಹೆಬ್ಬೆರಳಿನ ಬುಡದಲ್ಲಿ ನರದ ಸಣ್ಣ ಕವಲುಗಳು ಚರ್ಮಕ್ಕೆ ಬಹಳ ಹತ್ತಿರ ಇರುತ್ತವೆ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದರೆ ಜೋಮು ಹಿಡಿಯುತ್ತದೆ. ಒಂದೆರಡು ದಿನದಲ್ಲಿ ಹೋದರೆ ಚಿಂತೆ ಇಲ್ಲ. ವಾರ ಕಳೆದರೂ ಇದ್ದರೆ ತೋರಿಸಿ. ಚಿಟಿಕೆ ಹಿಡಿಯುವಾಗ ಹೆಬ್ಬೆರಳಿನ ಬುಡ ನೋಯುತ್ತಿದ್ದರೆ ಅಥವಾ ಬಲ ಇಲ್ಲ ಅನ್ನಿಸಿದರೆ ಕಾಯಬೇಡಿ, ಅಲ್ಲಿ ಮೂಳೆಗಳನ್ನು ಹಿಡಿದಿಡುವ ಕಟ್ಟು (ಲಿಗಮೆಂಟ್) ಎಳೆದಿರಬಹುದು.

ಇನ್ನೊಂದನ್ನು ಯಾರೂ ಹೇಳಲಿಲ್ಲ. ಸುಲಿದ ಚರ್ಮ, ಸೀಸದ ಪುಡಿ, ಮದ್ದಿನ ಕಿಟ್ಟ ಮೂರೂ ಒಂದೇ ಕೈಯಲ್ಲಿವೆ. ಸೋಪು ಹಾಕಿ ಚೆನ್ನಾಗಿ ತೊಳೆಯದೆ ಏನೂ ತಿನ್ನಬೇಡಿ. ಗಾಯ ಒಣಗುವವರೆಗೆ ಗನ್ ಮುಟ್ಟಬೇಡಿ. ಆಮೇಲೂ ಸಂದಿಗೆ ಬಟ್ಟೆಯ ಪಟ್ಟಿ ಅಂಟಿಸಿಕೊಂಡೇ ಹೊಡೆಯಿರಿ.

ಕಿವಿಗೆ ಏನು ಹಾಕಿದ್ದಿರಿ? ಗಿಡ್ಡ ನಳಿಗೆಯ ಬಾಯಿ ಮುಖಕ್ಕೆ ಹತ್ತಿರ ಇರುತ್ತದೆ. ಸದ್ದಿಗೆ ಬೆಚ್ಚಿ ಕೈ ಬಿಗಿಯುವುದನ್ನು ಎಷ್ಟೋ ಜನ ಒದೆತ ಅಂದುಕೊಳ್ಳುತ್ತಾರೆ. ಕಿವಿಯೊಳಗೆ ಒಂದು ಬಿರಡೆ, ಮೇಲೆ ಒಂದು ಮಫ್, ಎರಡೂ ಹಾಕಿ.

ಮಡಿಕೇರಿ ಮಂಜು

ಓದಿ ತುಂಬಾ ಖುಷಿ ಆಯಿತು. ನಮ್ಮಲ್ಲಿ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ ಮಾಡಿ, ತೆಂಗಿನಕಾಯಿ ಕಟ್ಟಿ ಗುಂಡು ಹೊಡೆಯುತ್ತೇವೆ. ನಾನು ಹುಡುಗನಾಗಿದ್ದಾಗ ಮೊದಲ ಸಲ ಹನ್ನೆರಡು ಬೋರಿನ ಕೋವಿ ಹೊಡೆದು ಭುಜ ನೀಲಿ ಆಗಿತ್ತು. ತಾತ ಹೇಳಿದ್ದು ಇಷ್ಟೇ: "ಹಿಂಬದಿಯನ್ನು ಭುಜಕ್ಕೆ ಒತ್ತಿ ಹಿಡಿ, ದೂರ ಇಟ್ಟರೆ ಅದು ಓಡಿ ಬಂದು ಹೊಡೆಯುತ್ತೆ." ಕೈಬಂದೂಕಿಗೆ ಆ ಭುಜವೇ ಇಲ್ಲ ಅಲ್ವಾ, ಎಲ್ಲಾ ಪೆಟ್ಟು ಅಂಗೈಗೇ.

ನನ್ನದೊಂದು ಪ್ರಶ್ನೆ. ತಾತ ಎಸ್ಟೇಟಿನಲ್ಲಿದ್ದಾಗ ಇಟ್ಟುಕೊಂಡಿದ್ದ .32ರ ಗಿಡ್ಡ ರಿವಾಲ್ವರ್ ಮನೆಯಲ್ಲಿದೆ. ಲೈಸೆನ್ಸ್ ಅಪ್ಪನ ಹೆಸರಿನಲ್ಲಿ ಇದೆ. ನಲವತ್ತು ವರ್ಷದಿಂದ ಯಾರೂ ಹೊಡೆದಿಲ್ಲ. ಈ ಹಬ್ಬಕ್ಕೆ ಒಂದು ಗುಂಡು ಹೊಡೆಯೋಣ ಅಂತ ಅಪ್ಪನಿಗೆ ಆಸೆ. .32 ಒದೆತ ಕಡಿಮೆ ತಾನೇ?

ಧಾರವಾಡ ಮೇಷ್ಟ್ರು

ಒದೆತ ಕಡಿಮೆಯೇ. ಹಳೇ .32 ಸ್ಮಿತ್ ಆ್ಯಂಡ್ ವೆಸ್ಸನ್ ತೋಟಾದಲ್ಲಿ ಗುಂಡು ಸುಮಾರು 88 ಗ್ರೇನ್, ಆರು ಗ್ರಾಂ ಕೂಡ ಇಲ್ಲ. ಸೆಕೆಂಡಿಗೆ 200 ಮೀಟರ್ ಹಿಡಿದರೆ 370 ಗ್ರಾಂ ಗನ್ನಿನಲ್ಲಿ ಸುಮಾರು 3 ಜೂಲ್ ಬರುತ್ತದೆ. ಬುಲ್‌ಡಾಗಿನ ಮೂರರಲ್ಲಿ ಒಂದು ಭಾಗ.

ಹಳೇ ಕಬ್ಬಿಣ

ಮಂಜು, ಒದೆತ ಕಡಿಮೆ ಅನ್ನುವ ಕಾರಣಕ್ಕೆ ಹೊಡೆಯಬೇಡಿ. ಮೇಲೆ ಹಾಸನದವರಿಗೆ ಹೇಳಿದ್ದೇ ನಿಮಗೂ. .32 ಅಂತ ಬರೆದ ತೋಟಾದಲ್ಲಿ ಹಲವು ಬಗೆ ಇವೆ. ಉದ್ದ ಬೇರೆ, ಒತ್ತಡ ಬೇರೆ. ಇವತ್ತು ಅಂಗಡಿಯಲ್ಲಿ ಸಿಗುವುದು ಹೊಗೆಯಿಲ್ಲದ ಮದ್ದಿನದು. ತಾತನ ಗನ್ನು ಯಾವ ಕಾಲದ್ದು, ಯಾವ ಮುದ್ರೆ ಇದೆ ಅಂತ ತಿಳಿಯದೆ ಅದನ್ನು ತುಂಬಬಾರದು. ಲೈಸೆನ್ಸ್ ಇರುವ ಆಯುಧ ವ್ಯಾಪಾರಿ ಅಥವಾ ರಿಪೇರಿಯವರ ಹತ್ತಿರ ಅಪ್ಪನೇ ಲೈಸೆನ್ಸ್ ಸಮೇತ ಹೋಗಿ ತೋರಿಸಲಿ. ಅವರು ಬೇಡ ಅಂದರೆ ಬೇಡ. ಹಬ್ಬದ ದಿನ ಹೂವು, ಕುಂಕುಮ ಇಟ್ಟು ಪೂಜೆ ಮಾಡಿ. ತೆಂಗಿನಕಾಯಿಗೆ ಕೋವಿ ಇದ್ದೇ ಇದೆ.

ಮಡಿಕೇರಿ ಮಂಜು

ಅಪ್ಪನಿಗೆ ಓದಿ ಹೇಳಿದೆ. ತೋರಿಸಿಕೊಂಡು ಬರುತ್ತೇನೆ ಅಂದರು. ಉಪಕಾರ ಆಯಿತು.

ಒಹಾಯೋ ಹಾಸನಿಗ

ಎಲ್ಲರಿಗೂ ವರದಿ ಕೊಡಬೇಕಿತ್ತು, ಮೂರು ವಾರ ಆಯಿತು.

ಗನ್‌ಸ್ಮಿತ್ ಉಳಿದ ತೋಟಾದಲ್ಲಿ ಒಂದನ್ನು ಬಿಚ್ಚಿ ನೋಡಿದರು. ಹಳೇ ಕಬ್ಬಿಣ ಸರ್ ಹೇಳಿದ ಹಾಗೇ, ಹೊಗೆಯಿಲ್ಲದ ಮದ್ದು. ಸಿಲಿಂಡರ್ ಬಿರುಕು ಬಿಟ್ಟಿಲ್ಲ, ಬಣ್ಣ ಹಾಕಿ ಪರೀಕ್ಷೆ ಮಾಡಿದರು. ಆದರೆ ಸಿಲಿಂಡರನ್ನು ಹಿಡಿದು ನಿಲ್ಲಿಸುವ ಸಣ್ಣ ಕೀಲು ಸಡಿಲ ಆಗಿತ್ತು. ಅದನ್ನು ಸರಿ ಮಾಡಿದರು. ನಳಿಗೆಯೊಳಗೆ ಮೆತ್ತನೆಯ ಸೀಸ ತೂರಿಸಿ ಅಳತೆ ತೆಗೆದರು.

ಆಮೇಲೆ ಅವರ ಜೊತೆಯಲ್ಲೇ ಕೂತು ತೋಟಾ ತುಂಬಿದೆ. 200 ಗ್ರೇನಿನ ಮೆತ್ತನೆ ಸೀಸದ ಗುಂಡು, 10 ಗ್ರೇನ್ ಕರಿಮದ್ದು. ಮದ್ದು ಕಡಿಮೆ ಹಾಕಿದರೆ ಒಳಗೆ ಖಾಲಿ ಜಾಗ ಉಳಿಯುತ್ತದೆ. ಕರಿಮದ್ದಿಗೆ ಹಾಗೆ ಜಾಗ ಬಿಡಬಾರದಂತೆ. ಆ ಜಾಗ ತುಂಬಲು ಅವರು ತೆಗೆದದ್ದು ಏನು ಗೊತ್ತಾ? ಗೋಧಿ ರವೆ! ಇಲ್ಲಿ ಜನ ಬೆಳಗ್ಗೆ ಗಂಜಿ ಮಾಡಿ ತಿನ್ನುವ ಡಬ್ಬಿಯದು. ನಮ್ಮ ಉಪ್ಪಿಟ್ಟಿನ ರವೆಯ ಹಾಗೇ ಇದೆ. ಕರಿಮದ್ದಿನವರು ಬಹಳ ಕಾಲದಿಂದ ಹೀಗೆ ಮಾಡುತ್ತಾರಂತೆ.

ಮೊನ್ನೆ ಭಾನುವಾರ ಹೊಡೆದೆ. ಚರ್ಮದ ತುಂಡು, ಸೈಕಲ್ ಟ್ಯೂಬು, ತೆಳ್ಳನೆ ಗ್ಲೌಸ್, ಕಿವಿಗೆ ಎರಡು ಪದರ. ಪಕ್ಕಕ್ಕೆ ತಿರುಗಿ ನಿಂತು, ಒಂದೇ ಕೈ, ಮೊಣಕೈ ಮಡಚಿ, ಕಿರುಬೆರಳು ತಳದ ಕೆಳಗೆ. ಸುತ್ತಿಗೆ ಎಳೆದು ಒತ್ತಿದೆ. ಬಿಳಿ ಹೊಗೆ ಮುಂದೆಲ್ಲಾ ತುಂಬಿಕೊಂಡಿತು, ಗುರಿ ಹಲಗೆಯೇ ಕಾಣಲಿಲ್ಲ. ಗನ್ನು ಮೇಲೆದ್ದು ಹೆಗಲ ಹತ್ತಿರ ಬಂತು. ನೋವು ಇಲ್ಲ. ಒಂದು ತಳ್ಳು, ಅಷ್ಟೇ. ಐದೂ ಹೊಡೆದೆ. ಏಳು ಗಜ ದೂರದಲ್ಲಿ ಐದೂ ಒಂದು ಊಟದ ತಟ್ಟೆಯೊಳಗೆ ಬಿದ್ದವು. ನಾಲ್ಕನೇ ಗುಂಡಿಗೇ ಸಿಲಿಂಡರ್ ಕಿಟ್ಟ ಕಟ್ಟಿ ತಿರುಗಲು ಬಿಗಿ ಆಯಿತು. ಹಾಗಾಗಿ ಅದು ತಾನೇ ಸಾಕು ಅಂದಿತು.

ಮನೆಗೆ ಬಂದು ಬಿಸಿನೀರು, ಸೋಪು ಹಾಕಿ ತೊಳೆದು, ಒಣಗಿಸಿ, ಎಣ್ಣೆ ಒರೆಸಿದೆ. ಟ್ಯೂಬು ತೆಗೆದಾಗ ಮರದ ಮೇಲಿನ ಗೀರುಗಳು ಎಲ್ಲಾ ಹಾಗೇ ಇದ್ದವು.

ಧಾರವಾಡ ಮೇಷ್ಟ್ರು

ನಿಮ್ಮ ಹೊಸ ತೋಟಾಗೂ ಲೆಕ್ಕ ಹಾಕಿದೆ. ಗುಂಡಿನ ವೇಗ 160 ಮೀಟರ್ ಅಂತಿಟ್ಟರೆ ಗನ್ನು ಹಿಂದೆ ಬರುವ ವೇಗ ಆಗ ಹಳೇ ಪೂರ್ತಿ ತೋಟಾಗೆ ಲೆಕ್ಕ ಹಾಕಿದ 6.1ರಿಂದ 4.8 ಮೀಟರಿಗೆ ಇಳಿದಿದೆ. ಶಕ್ತಿ 9.6ರಿಂದ ಸುಮಾರು 6 ಜೂಲಿಗೆ. ಉಳಿದದ್ದು ನಿಮ್ಮ ಮೊಣಕೈ ಮತ್ತು ಸೈಕಲ್ ಟ್ಯೂಬಿನ ಕೆಲಸ.

ಗುರಿಕಾರ 45

ಅರ ತಿಕ್ಕಿ ಅಂದವನು ನಾನೇ. ಆ ಮಾತು ವಾಪಸ್ ತೆಗೆದುಕೊಳ್ಳುತ್ತೇನೆ. ನನ್ನ ಹತ್ತಿರವೂ ಒಂದು ಹಳೇ .38 ಸ್ಮಿತ್ ಆ್ಯಂಡ್ ವೆಸ್ಸನ್ ಇದೆ. ಹಿಡಿಯ ಹಿಂದೆ ಒತ್ತುವ ಪಟ್ಟಿ ಇರುತ್ತಲ್ಲ, ನಿಂಬೆಹಣ್ಣು ಹಿಂಡುವ ಗನ್ನು ಅಂತ ಇಲ್ಲಿ ಕರೆಯುತ್ತಾರೆ. ಅದಕ್ಕೆ ಟ್ಯೂಬು ಏರಿಸಿದರೆ ಆ ಪಟ್ಟಿ ಒತ್ತಿಕೊಂಡೇ ಉಳಿದುಬಿಡುತ್ತದಾ?

ಹಳೇ ಕಬ್ಬಿಣ

ಉಳಿಯುತ್ತದೆ. ಅದಕ್ಕೆ ಟ್ಯೂಬು ಬೇಡವೇ ಬೇಡ. ಆ ಪಟ್ಟಿ ಇರುವುದೇ ಕೈ ಹಿಡಿಯದೆ ಗುಂಡು ಹಾರಬಾರದು ಅಂತ. ಅದನ್ನು ಕಟ್ಟಿಹಾಕಬಾರದು. ನೀವು ಗ್ಲೌಸ್ ಒಂದೇ ಹಾಕಿ. ಮುದ್ರೆ, ನಂಬರಿನ ಫೋಟೋ ಹಾಕಿ, ಯಾವ ಕಾಲದ್ದು ನೋಡೋಣ. ಆ ಮಾದರಿ 1887ರಿಂದ 1940ರವರೆಗೂ ಬಂದಿದೆ. ನಿಮ್ಮದು ಕರಿಮದ್ದಿನ ಕಾಲದ್ದಾ ಅಲ್ಲವಾ ಅನ್ನುವುದನ್ನು ಮೊದಲು ತಿಳಿಯಬೇಕು.

ಗುರಿಕಾರ 45

ಸಂಜೆ ಹಾಕುತ್ತೇನೆ. ಅಲ್ಲಿಯವರೆಗೆ ತುಂಬುವುದಿಲ್ಲ.